ರೂಮ್ ಖಾಲಿ ಮಾಡಿ ಮೂರು ತಿಂಗಳಾಯ್ತು, ಕರೆಂಟ್ ಬಿಲ್ ಮಾತ್ರ ಇನ್ನೂ ನನ್ನ ತಲೆ ಮೇಲೇ ಇದೆ

ಅರಸೀಕೆರೆ_ಜಂಕ್ಷನ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಮೈಸೂರಲ್ಲಿ ಕುವೆಂಪುನಗರದ ಕಡೆ ನಾವು ನಾಲ್ಕು ಜನ ಹುಡುಗ್ರು ಸೇರಿ ಒಂದು ಟೂ ಬಿಎಚ್‌ಕೆ ಮನೆ ಮಾಡ್ಕೊಂಡಿದ್ವಿ, ಫಸ್ಟ್ ಫ್ಲೋರು, ಬಾಡಿಗೆ 14,000, ಅಡ್ವಾನ್ಸ್ 60,000. ತಲಾ 15,000 ಹಾಕಿದ್ವಿ ಆದ್ರೆ ಓನರ್‌ಗೆ ಹೋಗಿದ್ದು ನನ್ನ ಅಕೌಂಟಿಂದ, 11 ತಿಂಗಳ ಅಗ್ರಿಮೆಂಟೂ ನನ್ನೊಬ್ಬನ ಹೆಸರಲ್ಲೇ ಇತ್ತು, ಅವತ್ತು ಬೇರೆ ಯಾರ ಹತ್ರನೂ ಆಧಾರ್ ಜೆರಾಕ್ಸ್ ಇರ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ. ಹೆಸರು ಬೇಡ, ಊರಲ್ಲೇ ಕರೀತೀನಿ: ನಾನು ಬಿಟ್ರೆ ಹುಬ್ಬಳ್ಳಿ, ಮಡಿಕೇರಿ, ರಾಯಚೂರು.

ಜನವರಿವರೆಗೂ ಗೃಹಜ್ಯೋತಿಲಿ ಸೊನ್ನೆ ಬಿಲ್ ಬರ್ತಿತ್ತು, ಹಂಗಾಗಿ ಆ ಚೀಟಿ ಕಡೆ ಯಾರೂ ತಿರುಗಿ ನೋಡ್ತಿರ್ಲಿಲ್ಲ, ಮೀಟ್ರು ಓದೋರು ಗ್ರಿಲ್ಲಿಗೆ ಸಿಕ್ಕಿಸಿ ಹೋದ್ರೆ ಮಳೆ ಬಂದಾಗ ನೆನೆದು ಬೀಳ್ತಿತ್ತು ಅಷ್ಟೇ. ಫೆಬ್ರವರಿಯಿಂದ 200 ಯೂನಿಟ್ ದಾಟಿ ಹೋಗಿದೆ. ಗೀಸರ್ ಇತ್ತು, ಸಿಲಿಂಡರ್ ಸಿಗದೆ ಇಂಡಕ್ಷನ್ ಸ್ಟವ್ ತಂದಿದ್ವಿ, ಅದರ ಮೇಲೆ ರಾಯಚೂರು ಮಾರ್ಚಲ್ಲಿ ಕೂಲರ್ ತಂದ (ರಾಯಚೂರಿನ ಬಿಸಿಲು ಕುಡಿದು ಬೆಳೆದವನಿಗೆ ಮೈಸೂರಲ್ಲಿ ಸೆಖೆ ಅಂತೆ). ಬಿಲ್ ಬಂದಾಗ ಪ್ರತಿಯೊಬ್ಬನೂ ಇನ್ನೊಬ್ಬ ಕಟ್ತಾನೆ ಅಂತ ಸುಮ್ನಿದ್ದ. ಏಪ್ರಿಲ್‌ನಲ್ಲಿ ಲೈನ್‌ಮನ್ ಒಂದ್ಸಲ ಫ್ಯೂಸ್ ಕೀಳೋಕೆ ಬಂದಿದ್ರು, ನಾಳೆ ಕಟ್ತೀವಿ ಅಣ್ಣ ಅಂತ ಕಳಿಸಿದ್ವಿ. ಎಕ್ಸಾಮ್ ಇತ್ತು, ಮರೆತ್ವಿ, ಮೇ 14ಕ್ಕೆ ಮನೆ ಖಾಲಿ ಮಾಡಿ ಅವರವರ ಊರಿಗೆ ಹೋದ್ವಿ. ಹುಬ್ಬಳ್ಳಿ ಮಾತ್ರ ಇಂಟರ್ನ್‌ಶಿಪ್ ಸಿಕ್ತು ಅಂತ ಫೆಬ್ರವರಿ 10ಕ್ಕೇ ಬಿಟ್ಟಿದ್ದ.

ಈಗ ಓನರ್ ಅಂಕಲ್ ವಾಟ್ಸಾಪಲ್ಲಿ ಲೆಕ್ಕ ಕಳಿಸಿದಾರೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 14,000, ಕರೆಂಟ್ 9,640, ನೀರು 1,860. ಜೂನಲ್ಲೇ ವಾಪಸ್ ಕೊಟ್ಟಿದ್ದು 30,000. ಉಳಿದ 4,500 ವೈಫೈ ವಿಷ್ಯ ಕ್ಲಿಯರ್ ಆಗೋವರೆಗೂ ಕೊಡಲ್ಲ ಅಂತಾರೆ, ಯಾಕಂದ್ರೆ ವೈಫೈ ಕಂಪನಿಯವರು ಬಾಕಿ ಕೇಳ್ಕೊಂಡು ಅವರ ಮನೆ ಬಾಗಿಲಿಗೆ ಬಂದಿದ್ರಂತೆ. ವೈಫೈ ನನ್ನ ಹೆಸರಲ್ಲಿದೆ. ದಿನಾ ಬೇರೆ ಬೇರೆ ನಂಬರಿಂದ ಫೋನು, ನಂದು ತೆಗೀದಿದ್ರೆ ಅಪ್ಪನಿಗೆ. ರೂಟರ್ ಎಲ್ಲಿದೆ ಅಂತಾನೇ ಗೊತ್ತಿಲ್ಲ.

ಹುಬ್ಬಳ್ಳಿ ನಾನು ಫೆಬ್ರವರಿಲೇ ಬಿಟ್ಟೆ, ಬಿಲ್ಲಿಗೂ ನಂಗೂ ಸಂಬಂಧ ಇಲ್ಲ, ನನ್ನ 15,000 ಪೂರ್ತಿ ಕೊಡು ಅಂತಾನೆ. ಮಡಿಕೇರಿ ಮೆಸೇಜ್ ನೋಡಿ ಸುಮ್ನಿರ್ತಾನೆ. ರಾಯಚೂರು ಗ್ರೂಪಿಂದಾನೇ ಎಕ್ಸಿಟ್. ಬಂದ 30,000ನ ನಾಲ್ಕು ಭಾಗ ಮಾಡಿ 7,500 ಎಲ್ರಿಗೂ ಹಾಕಿಬಿಟ್ಟೆ, ಅದೊಂದು ತಪ್ಪು ಮಾಡಿದೆ ಅನ್ಸುತ್ತೆ. ಕಾನೂನು ಪ್ರಕಾರ ಇದೆಲ್ಲ ನಾನೊಬ್ಬನೇ ಕಟ್ಟಬೇಕಾ? ಅವರಿಂದ ವಸೂಲಿ ಮಾಡೋಕೆ ದಾರಿ ಇದ್ಯಾ?

ಮೀಟರ್_ಬೋರ್ಡ್:

ಗುರು ಮೊದಲು ಯಾರು ಕಟ್ಟಬೇಕು ಅನ್ನೋದು ಬಿಡಿ, ಎಷ್ಟು ಕಟ್ಟಬೇಕು ಅನ್ನೋದೇ ನಿಮಗೆ ಗೊತ್ತಿಲ್ಲ. 9,640 ಅಂತ ಅಂಕಲ್ ಅಂದ್ರು, ನೀವು ನಂಬಿದ್ರಿ. ಚೀಟಿ ನೋಡಿದ್ರಾ?

ನಮ್ಮಪ್ಪ ಎಲೆಕ್ಟ್ರಿಕಲ್ ಕಾಂಟ್ರಾಕ್ಟರು, ಈ ಜಗಳ ಕೇಳಿ ಕೇಳಿ ಕಿವಿ ತೂತಾಗಿದೆ. ನಿಮ್ಮ ಲೆಕ್ಕ ಹೀಗೆ ಮಾಡಿ. ಮನೆ ಬಿಲ್ಲಿಗೆ ಟ್ಯಾಕ್ಸು ಸರ್‌ಚಾರ್ಜು ಎಲ್ಲ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ ಮೇಲೆ ಸ್ವಲ್ಪ ಅಂದ್ಕೊಳ್ಳಿ, ಅದರ ಮೇಲೆ ಮನೆಗೆ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ಫಿಕ್ಸೆಡ್ ಚಾರ್ಜು. 3 ಕಿಲೋವ್ಯಾಟ್ ಮನೇಲಿ ತಿಂಗಳಿಗೆ 220, 250 ಯೂನಿಟ್ ಸುಟ್ರೂ ಎರಡು ಸಾವಿರದ ಆಚೆ ಈಚೆ ಬರುತ್ತೆ. ಫೆಬ್ರವರಿ ಮಾರ್ಚ್ ಏಪ್ರಿಲ್ ಮೂರು ತಿಂಗಳಿಗೆ ಆರು ಸಾವಿರ ಚಿಲ್ಲರೆ. ಮಿಕ್ಕ ಮೂರು ಸಾವಿರ ಎಲ್ಲಿಂದ ಬಂತು?

ನನ್ನ ಡೌಟು ಎರಡು. ಒಂದು ಎಎಸ್‌ಡಿ, ಅಂದ್ರೆ ಹೆಚ್ಚುವರಿ ಭದ್ರತಾ ಠೇವಣಿ. ಹಿಂದಿನ ವರ್ಷದ ಬಳಕೆ ನೋಡಿ ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರ್ಬೇಕು ಅಂತ ಕರೆಂಟ್ ಕಂಪನಿಯವರು ಕೊರತೆ ಬಿದ್ದಷ್ಟನ್ನ ಬಿಲ್ಲಲ್ಲಿ ಸೇರಿಸಿ ಕೇಳ್ತಾರೆ. ಅದು ಓನರ್ ಹೆಸರಲ್ಲಿ ಜಮಾ ಆಗಿರೋ ದುಡ್ಡು, ಅದಕ್ಕೆ ಬಡ್ಡಿನೂ ಬರುತ್ತೆ, ಆ ಬಡ್ಡಿ ನಿಮ್ಮ ಮನೆಗೆ ಬರಲ್ಲ ಅವರ ಬಿಲ್ಲಿಗೆ ಬರುತ್ತೆ. ಅದನ್ನ ಬಾಡಿಗೆಯವರ ತಲೆಗೆ ಕಟ್ಟೋದು ಎಲ್ಲಿಯ ನ್ಯಾಯ. ಫೋನ್‌ಪೇಲೋ ಗೂಗಲ್‌ಪೇಲೋ ನೋಡಿದ್ರೆ ಒಟ್ಟು ಮೊತ್ತ ಮಾತ್ರ ಕಾಣುತ್ತೆ, ಒಳಗೆ ಇದು ಕೂತಿರೋದು ಗೊತ್ತಾಗಲ್ಲ. ಓನರ್‌ಗೂ ಗೊತ್ತಿರಲ್ಲ ಎಷ್ಟೋ ಸಲ, ಬೇಕಂತ ಮಾಡಿರ್ತಾರೆ ಅಂತಲೂ ಅನ್ಕೋಬೇಡಿ.

ಎರಡನೇದು ಮೇ ತಿಂಗಳ ಬಿಲ್ಲು. ನೀವು ಬಿಟ್ಟಿದ್ದು 14ಕ್ಕೆ, ಮೀಟ್ರು ಓದೋದು ಮುಂದಿನ ತಿಂಗಳ ಮೊದಲ ವಾರ. ಮಧ್ಯದಲ್ಲಿ ಪೇಂಟಿಂಗ್‌ನವರು ಬಂದು ರಾತ್ರಿ ಎಲ್ಲ ಲೈಟ್ ಹಾಕ್ಕೊಂಡು ಕೆಲಸ ಮಾಡಿರ್ತಾರೆ, ಆಮೇಲೆ ಹೊಸ ಬಾಡಿಗೆಯವರು. ಅದನ್ನೂ ನಿಮಗೇ ಹಾಕಿರ್ತಾರೆ ನೋಡಿ. ಕೀ ಕೊಟ್ಟ ದಿನ ಮೀಟ್ರು ಫೋಟೋ ತೆಗೆದಿದ್ರೆ ಬಚಾವ್. ತೆಗೆದಿಲ್ಲ ಅಂದ್ರೂ ಗ್ಯಾಲರಿ ಹುಡುಕಿ, ಮೀಟ್ರು ಬೋರ್ಡು ಸಾಮಾನ್ಯವಾಗಿ ಮೆಟ್ಟಿಲ ಹತ್ರ ಇರುತ್ತೆ, ಯಾವುದಾದ್ರೂ ಸೆಲ್ಫಿ ಹಿಂದೆ ಸಿಕ್ಕಿರುತ್ತೆ.

ಪ್ರತಿ ತಿಂಗಳ ಬಿಲ್ಲಲ್ಲೂ ಹಿಂದಿನ ರೀಡಿಂಗು ಇವತ್ತಿನ ರೀಡಿಂಗು ಎರಡೂ ಇರುತ್ತೆ. ಓನರ್ ಹತ್ರ ಚೀಟಿ ಇಲ್ಲ ಅಂದ್ರೆ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಹಿಡ್ಕೊಂಡು ಅವರನ್ನೇ ಜೊತೆಗೆ ಕರ್ಕೊಂಡು ಕರೆಂಟ್ ಕಂಪನಿ ಸಬ್ ಡಿವಿಜನ್ ಆಫೀಸಿಗೆ ಹೋಗಿ, ಲೆಡ್ಜರ್ ತೆಗೆದು ತೋರಿಸ್ತಾರೆ. ಹಳೇಕಾಲದವರು ಕೆಇಬಿ ಅಂತಲೇ ಅನ್ನೋದು, ಅಂಕಲ್‌ಗೂ ಹಂಗೇ ಹೇಳಿ, ಬೇಗ ಅರ್ಥ ಆಗುತ್ತೆ.

ಇನ್ನೊಂದು, ಗೃಹಜ್ಯೋತಿ ಯಾರ ಆಧಾರಲ್ಲಿ ಮಾಡ್ಸಿದ್ರಿ? ನಿಮ್ದಾದ್ರೆ ಇವತ್ತೇ ಸೇವಾ ಸಿಂಧುದಲ್ಲಿ ಡಿ-ಲಿಂಕ್ ಮಾಡ್ಸಿ, ಅಂದ್ರೆ ಆ ಮನೆ ಮೀಟ್ರಿಂದ ನಿಮ್ಮ ಆಧಾರ್ ಬಿಡಿಸಿ. 2024ರಿಂದ ಆ ಆಪ್ಷನ್ ಇದೆ. ಮಾಡಿಸ್ದೇ ಇದ್ರೆ ಮುಂದಿನ ಮನೇಲಿ ನಿಮಗೆ ಗೃಹಜ್ಯೋತಿ ಸಿಗಲ್ಲ.

ಧಾರವಾಡ_ಪೇಡೆ:

ಅಲ್ರೀ ಹುಬ್ಬಳ್ಳಿ ಹುಡುಗನ್ನ ಯಾಕ ಕಳ್ಳನ್ನ ಮಾಡೀರಿ ಎಲ್ಲಾರೂ ಕೂಡಿ? ಅಂವ ಫೆಬ್ರವರಿ ಹತ್ತಕ್ಕ ಹೋಗ್ಯಾನ. ಕೂಲರ್ ಬಂದಿದ್ದು ಮಾರ್ಚಿನ್ಯಾಗ. ಅಂವಗ ಕೂಲರಿನ ಗಾಳಿ ಸುದ್ದಾ ಬಡದಿಲ್ಲ, ಬಿಲ್ಲ ಮಾತ್ರ ಬಡೀಬೇಕಂದ್ರ ಹ್ಯಾಂಗ?

ಹಂಗಂತ ಅಂವ ಏನೂ ಕೊಡೂದು ಬ್ಯಾಡ ಅನ್ನಾಂಗಿಲ್ಲ ನಾ. ಹತ್ತು ದಿನಾ ಬಿಸಿನೀರಾಗ ಜಳಕಾ ಮಾಡ್ಯಾನಿಲ್ಲೋ, ಹತ್ತು ದಿನದ್ದ ಕೊಡ್ಲಿ. ದಿನದ ಲೆಕ್ಕಾ ಹಾಕ್ರಿ. ನಮ್ಮ ರೂಮಿನ್ಯಾಗ ಐದು ಮಂದಿ ಇದ್ದಿವಿ, ಕ್ಯಾಲೆಂಡರ್ ಮ್ಯಾಲೇ ಬರೀತಿದ್ವಿ ಯಾರ ಯಾವಾಗ ಊರಿಗಿ ಹೋದ್ರು ಬಂದ್ರು ಅಂತ, ಹೆಸ್ಕಾಂ ಬಿಲ್ಲ ಬಂದ ಕೂಡ್ಲೇ ಮಂದಿ-ದಿನಾ ಕೂಡ್ಸಿ ಭಾಗಿಸೂದು. ಒಂದ್ ಸಲಾನೂ ಜಗಳಾ ಆಗಿಲ್ಲ. ಅನ್ನಾ ಮಾಡೋ ಪಾಳಿಗಿ ಮಾತ್ರ ದಿನಾ ಜಗಳಾ, ಅದು ಬ್ಯಾರೆ ಮಾತು.

ಅರಸೀಕೆರೆ_ಜಂಕ್ಷನ್:

@ಮೀಟರ್_ಬೋರ್ಡ್ ಅಣ್ಣ ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಫೋಟೋ ಇಲ್ಲ ಆದ್ರೆ ಖಾಲಿ ಮಾಡಿದ ದಿನ ಮಡಿಕೇರಿ ಒಂದು ವಿಡಿಯೋ ಮಾಡಿದ್ದ, ನಾವು ಹಾಸಿಗೆ ಸುತ್ಕೊಂಡು ಮೆಟ್ಟಿಲು ಇಳೀತಿರೋದು, ಹಿಂದೆ ಅವನೇ ಏನೋ ಅಳು ಬರೋ ಹಾಡು ಹಾಕಿದ್ದ. ಅದನ್ನ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನನ್ನ ಭುಜದ ಹಿಂದೆ ಮೀಟ್ರು ಬೋರ್ಡು, ನಂಬರ್ ಉರುಳೋ ಹಳೇ ಮೀಟ್ರು, ಜೂಮ್ ಮಾಡಿದ್ರೆ 6412 ಅಂತ ಕಾಣ್ತಿದೆ. ಕೊನೇದು 2 ಆ 3 ಆ ಅನುಮಾನ. ಗೃಹಜ್ಯೋತಿ ನನ್ನ ಆಧಾರೇ. ಸೋಮವಾರ ಮೈಸೂರಿಗೆ ಹೋಗ್ತಿದೀನಿ, ಮಾರ್ಕ್ಸ್ ಕಾರ್ಡ್ ಕೆಲಸನೂ ಇದೆ.

ಕೆಳಗಿನ_ಮನೆ_ಆಂಟಿ:

ನಾನು ಓನರ್ ಕಡೆಯವಳು, ಮೇಲಿನ ಮನೆ ಹದಿನೆಂಟು ವರ್ಷದಿಂದ ಬಾಡಿಗೆಗೆ ಕೊಡ್ತಿದೀನಿ, ಅದ್ರಲ್ಲಿ ಜಾಸ್ತಿ ಓದೋ ಹುಡುಗ್ರಿಗೇ. ಮೀಟರ್_ಬೋರ್ಡ್ ಅವರು ಹೇಳಿದ ಎಎಸ್‌ಡಿ ಮಾತು ಸರಿ ಇದೆಯಪ್ಪ, ಅದು ಮನೆಯವರ ಖರ್ಚು, ನಾನು ಯಾವತ್ತೂ ಬಾಡಿಗೆಯವರ ಹತ್ರ ಇಸ್ಕೊಂಡಿಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ಅಗ್ರಿಮೆಂಟಲ್ಲಿ ಬರೆದಿದ್ರೆ ಮುಗೀತು, ಅದರ ಬಗ್ಗೆ ಜಗಳ ಆಡಬೇಡ, ಬರೆದಿಲ್ಲದಿದ್ರೆ ಕೇಳು.

ಆದ್ರೆ ಇನ್ನೊಂದು ಕಡೆಯಿಂದಲೂ ನೋಡಪ್ಪ. ಮೂರು ತಿಂಗಳು ಬಿಲ್ ಕಟ್ಟದೆ ಕೂತಿದ್ರಿ, ಫ್ಯೂಸ್ ಕಿತ್ಕೊಂಡು ಹೋದ್ರೆ ಅಕ್ಕಪಕ್ಕದವರ ಎದುರಿಗೆ ಮರ್ಯಾದೆ ಹೋಗೋದು ಮನೆ ಯಜಮಾನನದು, ಯಾಕಂದ್ರೆ ಬಿಲ್ಲಲ್ಲಿರೋದು ಅವನ ಹೆಸರು. ಹುಡುಗ್ರಿಗೆ ಯಾಕೆ ಮನೆ ಕೊಡಲ್ಲ ಅಂತ ಎಲ್ರೂ ಕೇಳ್ತಾರೆ, ಇದಕ್ಕೇ. ನಮ್ಮನೇಲಿ ಒಂದು ವರ್ಷ ಹುಡುಗ್ರು ಗೀಸರ್ ಆನ್ ಮಾಡಿ ದೀಪಾವಳಿಗೆ ಊರಿಗೆ ಹೋಗಿದ್ರು, ಐದು ದಿನ. ಬಾಗಿಲಿಗೆ ಬೀಗ, ಮೇಲೆ ನೀರು ಕುದೀತಿರೋ ಶಬ್ದ ನನ್ನ ಬೆಡ್‌ರೂಮಿಗೆ ಕೇಳ್ತಿತ್ತು. ಕೊನೆಗೆ ನಾನೇ ಮೇನ್ ಆಫ್ ಮಾಡಿದೆ, ಫ್ರಿಜ್ಜಲ್ಲಿದ್ದ ದೋಸೆಹಿಟ್ಟು ಹಾಳಾಯ್ತು ಅಂತ ನನ್ನ ಮೇಲೇ ಮುನಿಸು.

ಆಮೇಲಿಂದ ನಾನು ಕೀ ಇಸ್ಕೊಳ್ಳೋ ಮುಂಚೆ ಬಾಡಿಗೆಯವರನ್ನ ಮೀಟರ್ ಮುಂದೆ ನಿಲ್ಲಿಸಿ ನಂಬರ್ ಬರೆಸಿ ಸೈನ್ ಹಾಕಿಸ್ಕೋತೀನಿ, ಬರುವಾಗಲೂ ಅಷ್ಟೇ. ನಿಮ್ಮ ಅಂಕಲ್ ಹತ್ರ ಫೋನಲ್ಲಿ ಬೇಡ, ಎದುರು ಕೂತ್ಕೊಂಡು ಮಾತಾಡು, ಹೋಗುವಾಗ ಒಂದು ಬುಕ್ಕು ಪೆನ್ನು ತಗೊಂಡು ಹೋಗು. ಮೆಸೇಜಲ್ಲಿ ಸಣ್ಣ ಮಾತೂ ದೊಡ್ಡದಾಗುತ್ತೆ.

ಯಾರ್ಕ್‌ಶೈರ್_ಹೈದ:

ಇಲ್ಲಿ ಇಂಗ್ಲೆಂಡಲ್ಲಿ ಎಂಎಸ್ಸಿ ಮಾಡುವಾಗ ನಮಗೂ ಇದೇ ಗೋಳು, ಇನ್ನೂ ಕೆಟ್ಟದು. ಇಲ್ಲಿ ಗ್ಯಾಸು ಕರೆಂಟು ಓನರ್ ಹೆಸರಲ್ಲಿ ಇರಲ್ಲ, ನಾವೇ ಮಾಡಿಸ್ಕೋಬೇಕು, ಬಿಲ್ಲಲ್ಲಿ ನಾಲ್ಕು ಹೆಸರಿದ್ರೆ ನಾಲ್ಕರಲ್ಲಿ ಯಾರನ್ನ ಬೇಕಾದ್ರೂ ಹಿಡಿದು ಪೂರ್ತಿ ದುಡ್ಡು ಕೇಳಬಹುದು, ನನ್ನ ಪಾಲು ಕೊಟ್ಟೆ ಅಂದ್ರೆ ಕೇಳಲ್ಲ. ಬಿಡೋ ದಿನ ರೀಡಿಂಗ್ ಕಳಿಸಬೇಕು. ಕಂಪನಿ ತಪ್ಪಿಂದ ಬಿಲ್ ಬರದೆ 12 ತಿಂಗಳು ಕಳೆದಿದ್ರೆ ಅದಕ್ಕಿಂತ ಹಳೇ ಬಳಕೆಗೆ ಕೇಳೋ ಹಾಗಿಲ್ಲ ಅನ್ನೋ ರೂಲ್ ಇದೆ, ಅದೊಂದೇ ಸಮಾಧಾನ. ಇಲ್ಲಿಗೆ ಬರೋರು ಯಾರಾದ್ರೂ ಓದ್ತಿದ್ರೆ ಇರ್ಲಿ ಅಂತ ಹಾಕಿದೆ. ಮನೇಲಿರೋರೆಲ್ಲ ಫುಲ್‌ಟೈಮ್ ಸ್ಟೂಡೆಂಟ್ ಆದ್ರೆ ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಸ್ಥಳೀಯ ಆಡಳಿತದ ಮನೆ ತೆರಿಗೆ) ಕಟ್ಟಬೇಕಿಲ್ಲ, ಆದ್ರೆ ಬಿಲ್ ಬಂದ್ರೆ ಸುಮ್ನಿರಬೇಡಿ, ಯೂನಿವರ್ಸಿಟಿ ಲೆಟರ್ ಕೊಟ್ಟು ತೆಗೆಸಿ.

ಕರಿಕೋಟು:

ಕಾನೂನು ಕೇಳಿದ್ರಿ ಅಲ್ವಾ, ಅಷ್ಟಕ್ಕೆ ಮಾತ್ರ ಹೇಳ್ತೀನಿ.

ಕರೆಂಟ್ ಕಂಪನಿ ಲೆಕ್ಕದಲ್ಲಿ ಗ್ರಾಹಕ ಅಂದ್ರೆ ಓನರ್. ಅವರು ನಿಮ್ಮ ಮೇಲೆ ಬರಲ್ಲ, ಓನರ್ ಮೇಲೆ ಬರ್ತಾರೆ, 2003ರ ವಿದ್ಯುತ್ ಕಾಯ್ದೆ 56ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಕನೆಕ್ಷನ್ ಕಟ್ ಮಾಡಬಹುದು. ಓನರ್ ನಿಮ್ಮಿಂದ ವಸೂಲಿ ಮಾಡೋದು ಅಗ್ರಿಮೆಂಟ್ ಮೇಲೆ. ಅಗ್ರಿಮೆಂಟ್ ನಿಮ್ಮೊಬ್ಬರ ಹೆಸರಲ್ಲಿದ್ರೆ ಅವರಿಗೆ ಗೊತ್ತಿರೋದು ನೀವೊಬ್ಬರೇ, ಹುಬ್ಬಳ್ಳಿ ರಾಯಚೂರು ಅವರಿಗೆ ಬೇಕಾಗಿಲ್ಲ. ಆದ್ರೆ ನೀವು ಬಳಸದೇ ಇರೋದಕ್ಕೆ ಅಡ್ವಾನ್ಸಲ್ಲಿ ಹಿಡಿಯೋ ಹಕ್ಕು ಅವರಿಗೂ ಇಲ್ಲ, ಯಾವ ತಿಂಗಳಿಗೆ ಎಷ್ಟು ಅಂತ ಬರವಣಿಗೇಲಿ ಕೇಳಿ.

ಉಳಿದ ಮೂವರ ವಿಷ್ಯ ನಿಮ್ಮ ನಿಮ್ಮ ಒಳಗಿನ ಒಪ್ಪಂದ. ಕಾಗದ ಇಲ್ಲದಿದ್ರೂ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಅಡ್ವಾನ್ಸಿಗೆ ತಲಾ 15,000 ನಿಮಗೆ ಹಾಕಿರೋ ಬ್ಯಾಂಕ್ ಎಂಟ್ರಿ, ತಿಂಗಳ ಬಾಡಿಗೆ ಪಾಲು ಹಾಕಿರೋದು, ಗ್ರೂಪಲ್ಲಿ ಬಿಲ್ ಬಗ್ಗೆ ಆಡಿರೋ ಮಾತು, ಇಷ್ಟು ಸಾಕು ಸಾಕ್ಷಿಗೆ. ಗ್ರೂಪ್ ಡಿಲೀಟ್ ಮಾಡಬೇಡಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ. ಕೇಸ್ ಹಾಕೋಕೆ ಮೂರು ವರ್ಷ ಟೈಮಿದೆ. ಆದ್ರೆ ಈ ಮೊತ್ತಕ್ಕೆ ಕೋರ್ಟಿಗೆ ಹೋಗಿ ಅಂತ ಹೇಳೋ ವಕೀಲ ಇದ್ರೆ ಅವನ ಹತ್ರ ಹೋಗಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತೆ, ಅಲ್ಲಿ ಕೇಸ್ ಹಾಕೋ ಮುಂಚೆನೇ ಅರ್ಜಿ ಕೊಟ್ರೆ ಎರಡೂ ಕಡೆಯವರನ್ನ ಕರೆಸಿ ರಾಜಿ ಮಾಡ್ಸೋಕೆ ನೋಡ್ತಾರೆ, ಕೋರ್ಟ್ ಫೀ ಇಲ್ಲ. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಅಲ್ಲಿಗೆ ಹೋಗ್ತೀನಿ ಅಂತ ಒಂದು ಮೆಸೇಜ್ ಹಾಕಿದ್ರೇ ಅರ್ಧ ಜನ ಕಟ್ಟಿಬಿಡ್ತಾರೆ, ಅನುಭವದ ಮಾತು.

ವೈಫೈ ಮಾತ್ರ ಪೂರ್ತಿ ನಿಮ್ಮದೇ ತಲೆನೋವು, ಹೆಸರು ನಿಮ್ಮದು. ಫೋನ್ ಮಾಡೋ ಏಜೆನ್ಸಿಯವರ ಹತ್ರ ಮಾತಾಡಬೇಡಿ, ಅವರು ಕೊಟ್ಟ ಯುಪಿಐಗೆ ದುಡ್ಡು ಹಾಕಲೇಬೇಡಿ. ಕಂಪನಿಯ ಕಸ್ಟಮರ್ ಕೇರಿಗೆ ಕಂಪ್ಲೇಂಟ್ ಹಾಕಿ ಡಾಕೆಟ್ ನಂಬರ್ ತಗೊಳ್ಳಿ, ಯಾವ ದಿನಾಂಕಕ್ಕೆ ಕಟ್ ಮಾಡಿದ್ರಿ, ಎಷ್ಟು ದಿನಕ್ಕೆ ಬಿಲ್ ಹಾಕಿದೀರಿ ಅಂತ ಕೇಳಿ. ಬಗೆಹರೀಲಿಲ್ಲ ಅಂದ್ರೆ ಅದೇ ಕಂಪನಿಯಲ್ಲಿ ಅಪೀಲು ಪ್ರಾಧಿಕಾರ ಅಂತ ಇರುತ್ತೆ, ಟ್ರಾಯ್ (ಟೆಲಿಕಾಂ ನಿಯಂತ್ರಣ ಸಂಸ್ಥೆ) ನಿಯಮದಲ್ಲೇ ಇದೆ, ಅಲ್ಲಿಗೆ ಹಾಕಿ. ರೂಟರ್ ಹುಡುಕಿ ವಾಪಸ್ ಕೊಡಿ, ಕೊಟ್ಟಿದ್ದಕ್ಕೆ ರಸೀದಿ, ಬಾಕಿ ಇಲ್ಲ ಅನ್ನೋದಕ್ಕೆ ಈಮೇಲು. ಇವೆರಡು ಕೈಗೆ ಬರೋವರೆಗೂ ಮುಗೀತು ಅನ್ಕೋಬೇಡಿ.

ಅರಸೀಕೆರೆ_ಜಂಕ್ಷನ್:

ಅಪ್‌ಡೇಟ್. ಸೋಮವಾರ ಹೋಗಿದ್ದೆ. ಆಂಟಿ ಹೇಳಿದ ಹಾಗೆ ಬುಕ್ಕು ಪೆನ್ನು ತಗೊಂಡು ಹೋದೆ, ಅಂಕಲ್ ಕಾಫಿ ಕೊಟ್ರು, ಬೈದ್ರೂ ಸಹ, ಎರಡೂ ಒಟ್ಟಿಗೆ. ಬಿಲ್ ಚೀಟಿಗಳನ್ನ ಒಂದು ಹಾರ್ಲಿಕ್ಸ್ ಬಾಟ್ಲಿಲಿ ಸುತ್ತಿ ಇಟ್ಟಿದ್ರು ಪುಣ್ಯಾತ್ಮರು, ಏಪ್ರಿಲ್‌ದು ಅಕ್ಷರ ಅಳಿಸಿ ಬೆಳ್ಳಗಾಗಿತ್ತು, ಅದನ್ನ ಆಫೀಸಲ್ಲಿ ನೋಡ್ಕೊಂಡ್ವಿ.

ಫೆಬ್ರವರಿ 1,910, ಮಾರ್ಚ್ 2,085, ಏಪ್ರಿಲ್ 2,185, ಆಮೇಲೆ ಎಎಸ್‌ಡಿ 1,520 (ಇತ್ತು!!), ಮೇ ತಿಂಗಳದ್ದು 1,940. ಕೂಡಿದ್ರೆ ಸರಿಯಾಗಿ 9,640. ಎಎಸ್‌ಡಿ ಅಂದ್ರೇನು ಅಂತ ಅಂಕಲ್‌ಗೂ ಗೊತ್ತಿರ್ಲಿಲ್ಲ, ಕೌಂಟರಲ್ಲಿದ್ದವರೇ ಅದು ನಿಮ್ಮ ಡಿಪಾಸಿಟ್ ಸಾರ್ ಅಂದ್ರು, ಅಂಕಲ್ ಸುಮ್ನೆ ತಲೆ ಆಡಿಸಿದ್ರು. ಮೇ ಬಿಲ್ಲು 6329ರಿಂದ 6554ರವರೆಗೆ, 225 ಯೂನಿಟ್. ವಿಡಿಯೋ ತೋರಿಸಿದೆ, ಕನ್ನಡಕ ಹಾಕ್ಕೊಂಡು ನೋಡಿ 6412 ಅಂತ ಅವರೇ ಓದಿದ್ರು. ನಮ್ಮದು 83 ಯೂನಿಟ್, ಫಿಕ್ಸೆಡ್ ಚಾರ್ಜಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ ಸೇರಿಸಿ 750ಕ್ಕೆ ಒಪ್ಕೊಂಡ್ವಿ. ಒಟ್ಟು 6,930. 2,710 ವಾಪಸ್ ಅಲ್ಲೇ ಜಿಪೇ ಮಾಡಿದ್ರು. ಪೇಂಟಿಂಗ್ ಅಗ್ರಿಮೆಂಟಲ್ಲಿ ಬರೆದಿತ್ತು, ಕೇಳ್ಲಿಲ್ಲ. ನೀರಿನ ಬಿಲ್ಲು ವಾಣಿ ವಿಲಾಸ ವಾಟರ್ ವರ್ಕ್ಸಿಂದು, ಸರಿ ಇತ್ತು.

ಇನ್ನು ಪಾಲು. ಧಾರವಾಡ ಸಾರ್ ಹೇಳಿದ ಮಂದಿ-ದಿನ ಲೆಕ್ಕ ಹಾಕಿದೆ. ಫೆಬ್ರವರಿಲಿ ನಾವು ಮೂರು ಜನ 28 ದಿನ, ಹುಬ್ಬಳ್ಳಿ 10 ದಿನ, ಒಟ್ಟು 94. 1,910ನ 94ರಿಂದ ಭಾಗಿಸಿ ಹುಬ್ಬಳ್ಳಿ ಪಾಲು ಎಷ್ಟು ಬಂತು ಹೇಳಿ ನೋಡೋಣ? 203 ರೂಪಾಯಿ. ಕ್ಯಾಲ್ಕುಲೇಟರ್ ಎರಡು ಸಲ ಒತ್ತಿದೆ. ಇನ್ನೂರ ಮೂರು ರೂಪಾಯಿಗೆ ನಾವು ಮೂರು ತಿಂಗಳಿಂದ ಮಾತು ಬಿಟ್ಟಿದ್ವಿ, ಅವನ ಬರ್ತ್‌ಡೇಗೆ ನಾನು ವಿಶ್ ಕೂಡ ಮಾಡಿರ್ಲಿಲ್ಲ. ಚೀಟಿಗಳ ಫೋಟೋ, ಲೆಕ್ಕದ ಹಾಳೆ ಫೋಟೋ ಎರಡೂ ಅವನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. ಮೊದಲೇ ಹಿಂಗ ಕಳಿಸಿದ್ರ ನಾ ಯಾಕ ಬ್ಯಾಡ ಅಂತಿದ್ದೆ ಲೇ ಅಂದ. ನಿಜ ಹೇಳ್ಬೇಕಂದ್ರೆ ನಾನು ಅವನಿಗೆ ಇವತ್ತಿನವರೆಗೂ ಕಳಿಸಿದ್ದು ಒಟ್ಟು ಮೊತ್ತ ಒಂದೇ, 9,640 ಭಾಗಿಸು ನಾಲ್ಕು ಅಂತ.

ನಮ್ಮ ಮೂವರಿಗೆ ತಲಾ 2,242. ಮಡಿಕೇರಿ ಒಪ್ಪಿದಾನೆ, ನನ್ನ ವಿಡಿಯೋದಿಂದಾನೇ ದುಡ್ಡು ಉಳೀತು ಅಂತ ನೂರು ರೂಪಾಯಿ ಡಿಸ್ಕೌಂಟ್ ಕೇಳ್ತಿದಾನೆ. ರಾಯಚೂರು ಫೋನ್ ಎತ್ತಲ್ಲ. ಅವನ ಬಾಕಿ 7,500 ಅಡ್ವಾನ್ಸಲ್ಲಿ ಪಾಲಿನ ಖರ್ಚು ಕಳೆದು ಕೊಡಬೇಕಾಗಿರೋದು ನಾನೇ ಆದ್ರಿಂದ ನಂಗೇನು ತಲೆಬಿಸಿ ಇಲ್ಲ, ಹಿಡ್ಕೊಂಡು ಲೆಕ್ಕ ಕಳಿಸಿದೀನಿ. ಅವರಮ್ಮ ಎತ್ತಿದ್ರು ಒಂದ್ಸಲ. ರೂಟರ್ ವಿಷ್ಯ ಕೇಳಿದೆ, ಆ ಬಿಳೀ ಡಬ್ಬೀನಾ, ಟಿವಿ ಮೇಲೆ ಇಟ್ಟಾನಲ್ಲ ಅಂದ್ರು.

ಮೀಟರ್_ಬೋರ್ಡ್:

ಟಿವಿ ಮೇಲೆ 😂😂 ಅಮ್ಮನ ಹತ್ರನೇ ಹೇಳಿ ಬಸ್ ಪಾರ್ಸಲ್‌ಗೆ ಹಾಕ್ಸಿ, ಅಡಾಪ್ಟರ್ ಸಮೇತ. ಅಡಾಪ್ಟರ್ ಇಲ್ಲ ಅಂತ ಮತ್ತೆ ಅದಕ್ಕೊಂದು ಚಾರ್ಜ್ ಹಾಕ್ತಾರೆ. ಡಿ-ಲಿಂಕ್ ಮಾಡಿದ್ರಾ?

ಅರಸೀಕೆರೆ_ಜಂಕ್ಷನ್:

ಇಲ್ಲ ಅಣ್ಣ ಓಟಿಪಿ ಬರ್ತಿಲ್ಲ. ಆಧಾರ್‌ಗೆ ಲಿಂಕ್ ಆಗಿರೋದು ಹಳೇ ನಂಬರು, ಆ ಸಿಮ್ಮು ಈಗ ಅಜ್ಜಿ ಫೋನಲ್ಲಿದೆ. ಅಜ್ಜಿ ತೋಟದಿಂದ ಬಂದಮೇಲೆ ಸಂಜೆ ಫೋನ್ ಮಾಡಿ ನಂಬರ್ ಓದಿಸ್ಬೇಕು, ಅಷ್ಟರಲ್ಲಿ ಹತ್ತು ನಿಮಿಷ ದಾಟದಿದ್ರೆ ಆಯ್ತು.